ಒಂಟಿ ಗೋಪುರದ ಕೆಥೆಡ್ರಲ್

ಹಳೆ ಗೋವಾದ ಸೆ ಕೆಥೆಡ್ರಲ್ ಎದುರು ನಿಂತವರ ಕಣ್ಣು ಮೊದಲು ಹೋಗುವುದು ಏನೂ ಇಲ್ಲದ ಕಡೆಗೆ. ಎಡಗಡೆ ಚೌಕಾಕಾರದ, ದಪ್ಪ ಗೋಡೆಯ ಬೆಳ್ಳನೆಯ ಗೋಪುರವಿದೆ. ಬಲಗಡೆ ಅದರ ಜೋಡಿ ಇರಬೇಕಾದಲ್ಲಿ ಬರೀ ಆಕಾಶ. ಆ ಗೋಪುರ 1776ರಲ್ಲಿ ಕುಸಿದುಬಿತ್ತು, ಮತ್ತೆ ಯಾರೂ ಅದನ್ನು ಕಟ್ಟಲಿಲ್ಲ. ಏಷ್ಯಾದ ಅತಿ ದೊಡ್ಡ ಇಗರ್ಜಿಗಳ ಸಾಲಿಗೆ ಸೇರುವ ಈ ಕಟ್ಟಡ ಅಂದಿನಿಂದಲೂ ಒಂದು ಹೆಗಲು ತಗ್ಗಿದ ಹಾಗೆಯೇ ನಿಂತಿದೆ.

ಪ್ರವಾಸಿಗಳ ಬಸ್ಸುಗಳು ಸಾಮಾನ್ಯವಾಗಿ ರಸ್ತೆಯ ಆಚೆಗಿರುವ ಬೊಂ ಜೀಜಸ್ ಬೆಸಿಲಿಕಾಕ್ಕೆ ಜನರನ್ನು ಇಳಿಸುತ್ತವೆ. ಸಂತ ಫ್ರಾನ್ಸಿಸ್ ಝೇವಿಯರ್ ಅವರ ಪಾರ್ಥಿವ ಶರೀರ ಅಲ್ಲಿರುವುದರಿಂದ ಅದು ಸಹಜವೇ. ಸೆ ಕೆಥೆಡ್ರಲ್‌ಗೆ ಸಿಗುವುದು ಆಮೇಲಿನ ಹತ್ತು ನಿಮಿಷ. ದೊಡ್ಡ ಬಾಗಿಲಲ್ಲಿ ಒಳಹೋಗಿ, ಮೇಲೆ ನೋಡಿ, ಒಂದು ಫೋಟೊ ತೆಗೆದು ಜನ ಹೊರಬೀಳುತ್ತಾರೆ. ಈ ಕಟ್ಟಡಕ್ಕೆ ಕನಿಷ್ಠ ಅರ್ಧ ದಿನ ಕೊಡಬೇಕು ಎಂಬುದು ನನ್ನ ಬಲವಾದ ಅನಿಸಿಕೆ. ಪೋರ್ಚುಗೀಸರು ಇಲ್ಲಿ ಏನನ್ನು ಕಟ್ಟಲು ಹೊರಟರು, ಅದಕ್ಕೆ ಯಾರು ಬೆಲೆ ತೆತ್ತರು, ಸುತ್ತಲಿನ ನಗರವೆಲ್ಲ ಅಳಿದ ಮೇಲೂ ಇದೊಂದು ಹೇಗೆ ಉಳಿಯಿತು ಎಂಬ ಮೂರೂ ಪ್ರಶ್ನೆಗಳಿಗೆ ಇದರ ಗೋಡೆಗಳೂ ಸುತ್ತಲಿನ ಖಾಲಿ ನೆಲವೂ ಸೇರಿ ಉತ್ತರ ಕೊಡುತ್ತವೆ. ಆ ಉತ್ತರದಲ್ಲಿ ಕನ್ನಡ ನಾಡಿನ ಪಾಲು ನಾವು ಎಣಿಸಿದ್ದಕ್ಕಿಂತ ದೊಡ್ಡದು.

ಆ ಪಾಲು ಶುರುವಾಗುವುದು ಹೊನ್ನಾವರದಿಂದ. 1510ರ ಆರಂಭದಲ್ಲಿ ಅಫೊನ್ಸೊ ದ ಅಲ್ಬುಕರ್ಕ್‌ನ ಹಡಗುಗಳು ಹೊರಟದ್ದು ಕೆಂಪು ಸಮುದ್ರದ ಕಡೆಗೆ. ಗೋವಾ ಆಗ ಬಿಜಾಪುರದ ಆದಿಲಶಾಹಿಯ ಬಂದರು. ಅರಬ್ಬಿ ಕುದುರೆಗಳು ಅಲ್ಲಿ ಇಳಿದು ದಖ್ಖನ್ನಿನ ದಂಡುಗಳಿಗೆ ಹೋಗುತ್ತಿದ್ದವು. ಹೊನ್ನಾವರದ ನೌಕಾನಾಯಕ ತಿಮ್ಮೋಜ ಅಲ್ಬುಕರ್ಕ್‌ನನ್ನು ಕಂಡು, ಗೋವಾದಲ್ಲಿ ಈಗ ಕಾವಲು ಸಡಿಲವಾಗಿದೆ, ಹಿಡಿಯುವುದಾದರೆ ಇದೇ ಸಮಯ ಎಂದು ತಿಳಿಸಿದ. ಪೋರ್ಚುಗೀಸರು ಊರು ಹಿಡಿದರು, ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯಕ್ಕೆ ಅದನ್ನು ಕಳೆದುಕೊಂಡರು, ಮಳೆಗಾಲ ಕಳೆದ ಮೇಲೆ ನವೆಂಬರ್ 25ರಂದು ಮತ್ತೆ ಗೆದ್ದರು. ಗೆದ್ದ ಬಳಿಕ ಊರಿನ ಮುಸ್ಲಿಮರ ಕಗ್ಗೊಲೆ ನಡೆಯಿತು. ತಿಮ್ಮೋಜನಿಗೆ ಹೊಸ ಆಡಳಿತದಲ್ಲಿ ಒಂದು ಪಾಲು ಸಿಕ್ಕಿತು, ಆದರೆ ಅದು ಅವನ ಕೈಯಲ್ಲಿ ಬಹಳ ಕಾಲ ನಿಲ್ಲಲಿಲ್ಲ.

ನವೆಂಬರ್ 25 ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನಳ ಹಬ್ಬದ ದಿನ. ಕ್ರೈಸ್ತ ಪರಂಪರೆಯ ಕಥೆಯಲ್ಲಿ ಈಕೆ ರೋಮನ್ ಚಕ್ರವರ್ತಿ ಕರೆಸಿದ 50 ಮಂದಿ ಪಂಡಿತರನ್ನು ವಾದದಲ್ಲಿ ಸೋಲಿಸಿದ ಕನ್ಯೆ. ಮೊಳೆಗಳಿದ್ದ ಚಕ್ರಕ್ಕೆ ಕಟ್ಟಿ ಕೊಲ್ಲಲು ಹೋದಾಗ ಚಕ್ರವೇ ಮುರಿಯಿತು, ಕೊನೆಗೆ ಕತ್ತಿಯಿಂದ ತಲೆ ಕಡಿದರು. ಅವಳ ಹಬ್ಬದಂದು ದಕ್ಕಿದ ಊರನ್ನು ಪೋರ್ಚುಗೀಸರು ಅವಳ ರಕ್ಷಣೆಗೆ ಒಪ್ಪಿಸಿದರು. ಕೋಟೆಯ ಬಾಗಿಲ ಬಳಿ ಅದೇ ವರ್ಷ ಚಿಕ್ಕದೊಂದು ಪ್ರಾರ್ಥನಾಲಯ ಎದ್ದಿತು. 1550ರಲ್ಲಿ ಗವರ್ನರ್ ಜಾರ್ಜ್ ಕಬ್ರಾಲ್ ಅದನ್ನು ದೊಡ್ಡದು ಮಾಡಿಸಿದ. ಅಲ್ಬುಕರ್ಕ್ ನಗರವನ್ನು ಹೊಕ್ಕ ಬಾಗಿಲು ಇದೇ ಜಾಗದಲ್ಲಿತ್ತು ಎಂದು ಸಾರುವ ಶಿಲಾಶಾಸನ ಅಲ್ಲಿದೆ. 1952ರಲ್ಲಿ ಮತ್ತೆ ಕಟ್ಟಿದ ಈ ಪುಟ್ಟ ಗುಡಿ ಈಗಲೂ ಕೆಥೆಡ್ರಲ್‌ನ ಪಶ್ಚಿಮಕ್ಕೆ, ಮರಗಳ ನಡುವೆ ಇದೆ. ಮೊದಲು ಅದನ್ನು ನೋಡಿ ಆಮೇಲೆ ಕೆಥೆಡ್ರಲ್‌ಗೆ ಬಂದರೆ, ಐವತ್ತೇ ವರ್ಷಗಳಲ್ಲಿ ಆ ರಾಜ್ಯದ ಮನಸ್ಸು ಎಷ್ಟು ಉಬ್ಬಿತ್ತೆಂಬುದು ಹೇಳದೆಯೇ ತಿಳಿಯುತ್ತದೆ.

ಎಲ್ಲ ಇಗರ್ಜಿಗಳೂ ಕೆಥೆಡ್ರಲ್ ಆಗುವುದಿಲ್ಲ. ಧರ್ಮಾಧ್ಯಕ್ಷರ ಪೀಠವಿರುವ ಇಗರ್ಜಿಗೆ ಮಾತ್ರ ಆ ಸ್ಥಾನ. ಗೋವಾ ಧರ್ಮಪ್ರಾಂತಕ್ಕೆ 1533ರಲ್ಲಿ ಪೋಪ್ ಏಳನೇ ಕ್ಲೆಮೆಂಟ್ ಒಪ್ಪಿಗೆ ಕೊಟ್ಟರು. 1534ರಲ್ಲಿ ಪೋಪ್ ಮೂರನೇ ಪಾಲ್ ಅವರ ಆಜ್ಞೆಯಿಂದ ಅದು ಪಕ್ಕಾ ಆಯಿತು, ಕ್ಯಾಥರೀನಳ ಗುಡಿಯೇ ಮೊದಲ ಕೆಥೆಡ್ರಲ್ ಆಯಿತು. 1550ರ ದಶಕದ ಕೊನೆಗೆ ಗೋವಾ ಮಹಾಧರ್ಮಪ್ರಾಂತವಾಗಿ ಬಡ್ತಿ ಪಡೆಯಿತು. ಆಫ್ರಿಕದ ತುದಿಯ ಗುಡ್ ಹೋಪ್ ಭೂಶಿರದಿಂದ ಚೀನಾದವರೆಗಿನ ಇಗರ್ಜಿಗಳೆಲ್ಲ ಈ ಒಂದು ಪೀಠಕ್ಕೆ ನಡೆದುಕೊಳ್ಳಬೇಕಾಗಿದ್ದ ಕಾಲ ಅದು. ಅಷ್ಟು ದೊಡ್ಡ ಅಧಿಕಾರಕ್ಕೆ ಕೋಟೆಬಾಗಿಲ ಗುಡಿ ಸಾಲದೆಂದು 1562ರಲ್ಲಿ ಈಗಿನ ಕಟ್ಟಡಕ್ಕೆ ಆಜ್ಞೆ ಹೊರಟಿತು. ಲಿಸ್ಬನ್‌ನಲ್ಲಿ ಆಗ ದೊರೆಯಾಗಿದ್ದವನು ಎಂಟು ವರ್ಷದ ಬಾಲಕ ಸೆಬಾಸ್ಟಿಯನ್. ಹಣ ರಾಜಬೊಕ್ಕಸದ್ದು, ರಾಜನಿಗೆ ಸೇರಿದ ಆಸ್ತಿಗಳನ್ನು ಮಾರಿ ಹೊಂದಿಸಿದ್ದು.

ಕಟ್ಟಡದ ಒಡಲು ಮುಗಿದದ್ದು 1619ರಲ್ಲಿ. ಪ್ರತಿಷ್ಠಾಪನೆ 1640ರಲ್ಲಿ. ಬಲಿಪೀಠಗಳ ಕೆಲಸ ಪೂರೈಸಿದ್ದು 1652ಕ್ಕೆ. ಆಜ್ಞೆಯಿಂದ ಲೆಕ್ಕ ಹಾಕಿದರೆ 90 ವರ್ಷ. ಈ ನಿಧಾನಕ್ಕೆ ಕಾರಣಗಳನ್ನು ಕಟ್ಟಡದ ಒಳಗೆ ಹುಡುಕಬೇಕಾಗಿಲ್ಲ, ಘಟ್ಟದ ಮೇಲೆ ನೋಡಿದರೆ ಸಾಕು. ಅಡಿಪಾಯದ ಕೆಲಸದ ಕಾಲದಲ್ಲೇ, 1565ರಲ್ಲಿ, ತಾಳಿಕೋಟೆಯ ಯುದ್ಧ ನಡೆದು ವಿಜಯನಗರ ಹಾಳಾಯಿತು. ಗೋವಾದ ಕುದುರೆ ವ್ಯಾಪಾರಕ್ಕೆ ಅಷ್ಟು ದೊಡ್ಡ ಗಿರಾಕಿ ಮತ್ತೊಬ್ಬರಿರಲಿಲ್ಲ. ಹಂಪಿಯ ಬಜಾರು ಮುಚ್ಚಿದ್ದು ಗೋವಾದ ಮಾಂಡೋವಿ ಹೊಳೆಯ ದಕ್ಕೆಗೂ ಬಿದ್ದ ಪೆಟ್ಟು. ಗೆದ್ದ ಸುಲ್ತಾನರಲ್ಲಿ ಒಬ್ಬನಾದ ಬಿಜಾಪುರದ ಅಲಿ ಆದಿಲಶಾಹ 1570–71ರಲ್ಲಿ ಗೋವಾಕ್ಕೇ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ನಡೆದ ಮುತ್ತಿಗೆ ಫಲಿಸಲಿಲ್ಲ, ಆದರೆ ಊರಿನ ಉಸಿರು ಬಿಗಿಹಿಡಿಯುವಂತೆ ಮಾಡಿತು. ವಿಜಯನಗರ ಎಂಬ ಕಂಬ ಉರುಳಿದ ಮೇಲೆ ಕರಾವಳಿಯ ಲೆಕ್ಕಾಚಾರವೇ ಬದಲಾಗಿತ್ತು. ಶಾಲೆಯಲ್ಲಿ ತಾಳಿಕೋಟೆಯ ಕಥೆಯನ್ನು ಹಂಪಿಗೇ ನಿಲ್ಲಿಸುವ ನಮಗೆ ಅದರ ಅಲೆ ಹೀಗೆ ಸಮುದ್ರದವರೆಗೆ ಬಂದದ್ದು ನೆನಪಾಗುವುದು ಕಡಿಮೆ.

ಇನ್ನೊಂದು ಹೊಡೆತ ಆರ್ಚ್‌ಬಿಷಪ್ಪರ ಕಚೇರಿಯ ಒಳಗಿಂದಲೇ ಬಂತು. ಡಚ್ಚ ತರುಣ ಯಾನ್ ಹ್ಯೂಗೆನ್ ವಾನ್ ಲಿನ್‌ಸ್ಕೋಟೆನ್ 1583ರಿಂದ 1588ರವರೆಗೆ ಗೋವಾದ ಮಹಾಧರ್ಮಾಧ್ಯಕ್ಷರ ಕಾರ್ಯದರ್ಶಿಯಾಗಿದ್ದ. ಕೆಥೆಡ್ರಲ್ ಗೋಡೆಗಳು ಏಳುತ್ತಿದ್ದ ಆ ವರ್ಷಗಳಲ್ಲಿ ಅವನು ಊರಿನ ಬೀದಿ, ಬಜಾರು, ಜನರ ಉಡುಗೆ ಎಲ್ಲವನ್ನೂ ಗಮನಿಸಿದ, ಪೋರ್ಚುಗೀಸರು ಗುಟ್ಟಾಗಿ ಕಾಯ್ದುಕೊಂಡಿದ್ದ ಸಮುದ್ರಮಾರ್ಗಗಳ ವಿವರವನ್ನೂ ಕಲೆಹಾಕಿದ. 1596ರಲ್ಲಿ ಪ್ರಕಟವಾದ ಅವನ ಪುಸ್ತಕ ಡಚ್ಚರ ಹಡಗುಗಳಿಗೆ ದಾರಿದೀಪವಾಯಿತು. ಕೆಲವೇ ವರ್ಷಗಳಲ್ಲಿ ಅವೇ ಹಡಗುಗಳು ಗೋವಾದ ಅಳಿವೆಬಾಯಿಯನ್ನು ತಡೆದು ನಿಂತವು.

1623ರಲ್ಲಿ ಬಂದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆಯನ್ನು ನಾವು ಇಕ್ಕೇರಿಯ ಮೂಲಕ ಬಲ್ಲೆವು. ವೆಂಕಟಪ್ಪ ನಾಯಕನ ಆಸ್ಥಾನದ, ಇಕ್ಕೇರಿಯ ಬೀದಿಗಳ, ದೇವಾಲಯಗಳ ವಿವರಗಳಿಗಾಗಿ ನಮ್ಮ ಇತಿಹಾಸಕಾರರು ಅವನ ಪತ್ರಗಳತ್ತ ಮತ್ತೆ ಮತ್ತೆ ಹೋಗುತ್ತಾರೆ. ಅವನು ಇಕ್ಕೇರಿಗೆ ಹೊರಟದ್ದು ಗೋವಾದಿಂದಲೇ, ಪೋರ್ಚುಗೀಸ್ ರಾಯಭಾರಿಯ ಜೊತೆ. ಹೊನ್ನಾವರಕ್ಕೆ ಇಳಿದು, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿದ್ದ. ಗೋವಾ ಬಿಡುವಾಗ ಈ ಕೆಥೆಡ್ರಲ್‌ನ ಒಡಲು ಮುಗಿದು ನಾಲ್ಕೇ ವರ್ಷವಾಗಿತ್ತು. ಇಕ್ಕೇರಿಯ ಅಘೋರೇಶ್ವರವನ್ನೂ ಸೆ ಕೆಥೆಡ್ರಲ್ಲನ್ನೂ ಹೆಚ್ಚುಕಡಿಮೆ ಒಂದೇ ಕಾಲದ ಕಟ್ಟಡಗಳೆಂದು ಒಟ್ಟಿಗೆ ಇಟ್ಟು ನೋಡುವ ಅಭ್ಯಾಸ ನಮಗಿಲ್ಲ. ಇಟ್ಟು ನೋಡಿದರೆ 17ನೇ ಶತಮಾನದ ನಮ್ಮ ಕರಾವಳಿ ಎಷ್ಟು ಜನಜಂಗುಳಿಯ ಜಾಗವಾಗಿತ್ತೆಂಬುದು ಕಣ್ಣಿಗೆ ಬರುತ್ತದೆ.

ಈಗ ಗೋಡೆಯ ಹತ್ತಿರ ಬನ್ನಿ. ಉದ್ದ ಸುಮಾರು 76 ಮೀಟರ್, ಅಗಲ 55, ಮುಂಭಾಗದ ಎತ್ತರ 35ರಷ್ಟು. ಇಷ್ಟು ದೊಡ್ಡ ಮೈಯೆಲ್ಲ ಕಟ್ಟಿದ್ದು ಉತ್ತರ ಕನ್ನಡದವರು ಚಿರೆಕಲ್ಲು, ಮಂಗಳೂರಿನವರು ಕೆಂಪುಕಲ್ಲು ಅಥವಾ ಮುರಕಲ್ಲು ಎನ್ನುವ ಕಲ್ಲಿನಿಂದ. ನೆಲದೊಳಗೆ ಇರುವಾಗ ಕೊಡಲಿಯಂಥ ಹತಾರಿಗೂ ಬಗ್ಗುವಷ್ಟು ಮೆತ್ತಗಿದ್ದು, ತೆಗೆದು ಗಾಳಿಗೆ ಇಟ್ಟ ಮೇಲೆ ಗಟ್ಟಿಯಾಗುತ್ತದೆ. ಆದರೆ ಅದರ ತುಂಬ ರಂಧ್ರ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಹೊಯ್ಯುವ ಕೊಂಕಣದಲ್ಲಿ ಹಾಗೇ ಬಿಟ್ಟರೆ ನೀರು ಕುಡಿದು ಕುಡಿದು ಉದುರತೊಡಗುತ್ತದೆ. ಅದಕ್ಕೇ ಮೇಲೆ ಸುಣ್ಣದ ಗಾರೆ ಬೇಕು. ಈ ಕರಾವಳಿಯಲ್ಲಿ ಸುಣ್ಣವನ್ನು ಬಹಳ ಕಾಲ ಸುಟ್ಟದ್ದು ಚಿಪ್ಪಿನಿಂದ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ, ರಂಧ್ರಗಳನ್ನು ಕಚ್ಚಿಕೊಳ್ಳುತ್ತದೆ. ಮಳೆಯ ಹೊಡೆತ ತಡೆದರೂ ಒಳಗೆ ಸೇರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟಿಗೆ ಆ ಗುಣವಿಲ್ಲ, ಅದು ತೇವವನ್ನು ಒಳಗೇ ಕೂಡಿಹಾಕುತ್ತದೆ.

ಈ ವ್ಯತ್ಯಾಸ ಎಷ್ಟು ಮುಖ್ಯವೆಂದು ತಿಳಿಯಲು ರಸ್ತೆ ದಾಟಿದರೆ ಸಾಕು. ಬೊಂ ಜೀಜಸ್ ಬೆಸಿಲಿಕಾ ಕೆಂಪಗೆ, ಕಲ್ಲು ಬಿಚ್ಚಿಕೊಂಡು ನಿಂತಿದೆ. ಅದರ ಫೋಟೊಗಳನ್ನು ನೋಡಿದವರು ಅದೇ ಮೂಲ ರೂಪವೆಂದು ತಿಳಿಯುತ್ತಾರೆ. 1605ರಲ್ಲಿ ಪ್ರತಿಷ್ಠಾಪನೆಯಾದಾಗ ಅದಕ್ಕೂ ಬಿಳಿ ಗಾರೆಯಿತ್ತು. 1950ರ ದಶಕದಲ್ಲಿ ಪೋರ್ಚುಗೀಸ್ ವಾಸ್ತುಶಿಲ್ಪಿ ಬಾಲ್ತಜಾರ್ ಕಾಸ್ಟ್ರೊ, ಕಟ್ಟಡ ಹಳೆಯದಾಗಿ ಕಾಣಲಿ ಎಂದು ಅದನ್ನು ಕೆತ್ತಿ ತೆಗೆಸಿದ. ಅಂದಿನಿಂದ ಪ್ರತಿ ಮಳೆಗಾಲವೂ ಆ ಕಲ್ಲನ್ನು ಅಷ್ಟಷ್ಟೇ ತಿನ್ನುತ್ತಿದೆ, ಮತ್ತೆ ಗಾರೆ ಹಾಕಬೇಕೆಂಬ ಬೇಡಿಕೆ ಗೋವಾದಲ್ಲಿ ಜೋರಾಗಿದೆ. ಕೆಂಪು ಬಣ್ಣಕ್ಕೆ ಎರಡು ತಲೆಮಾರಿನ ಕಣ್ಣುಗಳು ಒಗ್ಗಿಹೋಗಿವೆ ಎಂಬುದು ನಿಜ. ಆದರೂ ಗಾರೆ ಹಾಕಲೇಬೇಕು ಎನ್ನುವವರ ಪಕ್ಷ ನನ್ನದು. ಆಚೆ ಬದಿಗೆ ಸೆ ಕೆಥೆಡ್ರಲ್ ಸುಣ್ಣ ಹೊದ್ದುಕೊಂಡೇ ನಾಲ್ಕು ಶತಮಾನದ ಮಳೆ ಕಂಡಿದೆ. ಕಟ್ಟಿದವರಿಗೆ ತಮ್ಮ ಕಲ್ಲಿನ ಸ್ವಭಾವ ಗೊತ್ತಿತ್ತು.

ಕೆಥೆಡ್ರಲ್‌ನ ಮುಖ ಪೂರ್ವಕ್ಕೆ. ಬೆಳಗಿನ ಬಿಸಿಲು ನೇರವಾಗಿ ಮುಂಭಾಗದ ಮೇಲೆ ಬೀಳುವುದರಿಂದ ಹೊರಗಿನಿಂದ ನೋಡಲು ಅದೇ ಹೊತ್ತು ಸರಿ. ಮೂರು ಬಾಗಿಲುಗಳಲ್ಲಿ ನಡುವಿನದು ಬಹಳ ಎತ್ತರ. ಹೊರಗೆ ಅಲಂಕಾರ ಕಡಿಮೆ, ಕಂಬಗಳು ಟಸ್ಕನ್ ರೀತಿಯ ಸರಳ ಕಂಬಗಳು. ಪೋರ್ಚುಗಲ್ಲಿನಲ್ಲಿ 16ನೇ ಶತಮಾನದ ನಡುಭಾಗದಲ್ಲಿ ಲೇರಿಯಾ, ಪೋರ್ತಲೆಗ್ರೆ, ಮಿರಾಂಡಾ ಊರುಗಳಲ್ಲಿ ಹೊಸ ಕೆಥೆಡ್ರಲ್‌ಗಳು ಎದ್ದಿದ್ದವು. ಗೋವಾದ್ದು ಅದೇ ಕುಟುಂಬಕ್ಕೆ ಸೇರಿದ ಕಟ್ಟಡ: ದಪ್ಪ ಗೋಡೆ, ಅಚ್ಚುಕಟ್ಟು ಅಳತೆ, ಆಡಂಬರವಿಲ್ಲದ ಹೊರಮೈ. ಆದರೆ ಹಿರಿಯಣ್ಣಂದಿರಿಗಿಂತ ಈ ತಮ್ಮನದೇ ದೊಡ್ಡ ಮೈಕಟ್ಟು. ನೋಡಿದವರು ಬೆರಗಾಗಲಿ ಎಂಬುದು ರಾಜಾಜ್ಞೆಯ ಒಳಗಿದ್ದ ಆಸೆ.

ಒಳಗೆ ಕಾಲಿಟ್ಟೊಡನೆ ಹೊರಗಿನ ಸೆಕೆ ಇಳಿಯುತ್ತದೆ. ಆ ದಪ್ಪ ಗೋಡೆಗಳ ಕೆಲಸ ಅದು. ನಡುಸಭೆಯ ಮೇಲೆ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದಂಥ ಕಮಾನು ಮಾಡು, ಎರಡೂ ಬದಿಗೆ ಸಾಲುಗಂಬಗಳ ಆಚೆ ಓಣಿಗಳು, ಓಣಿಗಳ ಅಂಚಿಗೆ ಬದಿಗೆ ನಾಲ್ಕರಂತೆ ಎಂಟು ಉಪಗುಡಿಗಳು. ಒಳಗಿನ ಕಂಬಗಳು ಎಲೆ ಕೆತ್ತನೆಯ ಕೊರಿಂಥಿಯನ್ ಶೈಲಿಯವು. ಮೂಲೆಯಲ್ಲಿರುವ ದೀಕ್ಷಾಸ್ನಾನದ ಕಲ್ಲುತೊಟ್ಟಿ ಈ ಕಟ್ಟಡಕ್ಕಿಂತ ಹಳೆಯದು, 1532ರದು. 1542ರಲ್ಲಿ ಗೋವಾಕ್ಕೆ ಬಂದ ಝೇವಿಯರ್ ಇದರ ನೀರಿನಿಂದಲೇ ಜನರಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದರೆಂಬ ನಂಬಿಕೆ ಇದೆ.

ಮುಖ್ಯ ಬಲಿಪೀಠದ ಹಿಂದಿನ ಮರದ ಕೆತ್ತನೆ ನೆಲದಿಂದ ಮಾಡಿನವರೆಗೆ ಚಿನ್ನದ ರೇಕಿನಿಂದ ಬೆಳಗುತ್ತದೆ. ಕ್ಯಾಥರೀನಳ ಬದುಕನ್ನು, ಹುತಾತ್ಮತೆಯನ್ನು ಅಲ್ಲಿ ಫಲಕಗಳಾಗಿ ಕೆತ್ತಿದ್ದಾರೆ. ಕಥೆ ತಿಳಿದಿದ್ದರೆ ಅದನ್ನು ಓದಿಕೊಳ್ಳುವುದು ಕಷ್ಟವಲ್ಲ. ನಾನು ಹೆಚ್ಚು ಹೊತ್ತು ನಿಲ್ಲುವುದು ಮಾತ್ರ ಪರಮಪ್ರಸಾದದ ಉಪಗುಡಿಯ ಎದುರು, ಮತ್ತು ಬಲಬದಿಯಲ್ಲಿರುವ ಪವಾಡದ ಶಿಲುಬೆಯ ಗುಡಿಯ ಎದುರು. ಇವೆರಡಕ್ಕೂ ಮುಂದೆ ಮರದ ಜಾಲಂಧ್ರಗಳಿವೆ. ಅವುಗಳ ಬಳ್ಳಿಗಳು, ಹೂಗಳು, ತುಂಬುಗೆನ್ನೆಯ ದೇವದೂತರ ಮುಖಗಳು ಯುರೋಪಿನ ನಕ್ಷೆಯಲ್ಲಿ ಶುರುವಾಗಿ ಕೊಂಕಣದ ಉಳಿಯಲ್ಲಿ ಮುಗಿದವು. ಗೋವಾದ ಇಗರ್ಜಿಗಳ ಮರಗೆಲಸ, ಚಿನ್ನದ ಕೆಲಸ ಬಹುಪಾಲು ಈ ನೆಲದ ಕುಶಲಕರ್ಮಿಗಳದ್ದೇ. ಹಿಂದೂ ಕಸುಬುದಾರರು ಕ್ರೈಸ್ತ ವಿಗ್ರಹಗಳನ್ನು ಮಾಡಬಾರದೆಂದು ಗೋವಾದ ಧರ್ಮಸಭೆಗಳು ಮತ್ತೆ ಮತ್ತೆ ನಿಷೇಧ ಹೊರಡಿಸಬೇಕಾಗಿ ಬಂದದ್ದೇ, ಅವರು ಮಾಡುವುದು ನಿಂತಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಪವಾಡದ ಶಿಲುಬೆಗೂ ಒಂದು ಕಥೆಯಿದೆ. ಬೋವಾ ವಿಸ್ತಾ ಗುಡ್ಡದ ಮೇಲಿದ್ದ ಈ ಶಿಲುಬೆಯ ಮೇಲೆ 1619ರಲ್ಲಿ ಕ್ರಿಸ್ತನ ದರ್ಶನವಾಯಿತೆಂದು ಪ್ರತೀತಿ. ಶಿಲುಬೆ ಬೆಳೆಯುತ್ತಿದೆ ಎಂದೂ ಭಕ್ತರು ನಂಬುತ್ತಾರೆ. 1845ರಲ್ಲಿ ಅದನ್ನು ಇಲ್ಲಿಗೆ ತಂದರು. ಇಲ್ಲಿ ಮೇಣದಬತ್ತಿ ಹಚ್ಚಿ ಹರಕೆ ಹೇಳಿಕೊಳ್ಳುವವರಲ್ಲಿ ಎಲ್ಲ ಧರ್ಮದವರೂ ಇರುತ್ತಾರೆ.

ಉಳಿದ ಗೋಪುರದಲ್ಲಿ ತೂಗುವ ದೊಡ್ಡ ಗಂಟೆಯ ಹೆಸರು ಚಿನ್ನದ ಗಂಟೆ. ಗೋವಾದಲ್ಲೇ ಅತಿ ದೊಡ್ಡದು, ಇಂಪಾದ ನಾದಕ್ಕೆ ಹೆಸರಾದದ್ದು. ಎರಕ ಹೊಯ್ದದ್ದು 1652ರಲ್ಲಿ, ದಕ್ಷಿಣದ ಕುಂಕಳ್ಳಿ ಊರಿನಲ್ಲಿ. ಅದೇ ಕುಂಕಳ್ಳಿಯಲ್ಲಿ 1583ರಲ್ಲಿ ದೇವಸ್ಥಾನಗಳ ನಾಶದಿಂದ ರೊಚ್ಚಿಗೆದ್ದ ಊರವರು ಐವರು ಜೆಸ್ವಿತ್ ಪಾದ್ರಿಗಳನ್ನು ಕೊಂದಿದ್ದರು. ಪ್ರತೀಕಾರವಾಗಿ ಪೋರ್ಚುಗೀಸರು ಊರಿನ ಮುಖಂಡರನ್ನು ಮಾತುಕತೆಗೆಂದು ಅಸೊಳ್ಣೆಯ ಕೋಟೆಗೆ ಕರೆಸಿ ಕೊಂದರು. ಎಪ್ಪತ್ತು ವರ್ಷ ಕಳೆಯುವುದರೊಳಗೆ ಅದೇ ಊರಿನ ಮೂಸೆಯಿಂದ ಪ್ರಭುಗಳ ಕೆಥೆಡ್ರಲ್‌ಗೆ ಗಂಟೆ ಬಂತು.

ಆ ಗಂಟೆಯ ಕೆಲಸವೂ ಬರೀ ಪ್ರಾರ್ಥನೆಗೆ ಕರೆಯುವುದಾಗಿರಲಿಲ್ಲ. ಕೆಥೆಡ್ರಲ್ ಚೌಕದ ಬದಿಗೆ ಹಿಂದೆ ಆದಿಲಶಾಹನ ಅರಮನೆಯಾಗಿದ್ದ ಕಟ್ಟಡದಲ್ಲಿ 1560ರಿಂದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಪೀಠ ನಡೆಯಿತು. ನಡುವೆ 1774ರಿಂದ ನಾಲ್ಕು ವರ್ಷ ನಿಂತದ್ದು ಬಿಟ್ಟರೆ 1812ರವರೆಗೂ ಅದರ ಆಡಳಿತವಿತ್ತು. ಕ್ರೈಸ್ತರಾದ ಮೇಲೂ ಹಳೆಯ ಆಚರಣೆ ಬಿಟ್ಟಿಲ್ಲವೆಂಬ ಗುಮಾನಿ ಬಂದವರನ್ನು, ಪೋರ್ಚುಗಲ್ಲಿನಿಂದ ಬಂದ ಯೆಹೂದಿ ಮೂಲದವರನ್ನು ಅಲ್ಲಿ ಸೆರೆಯಲ್ಲಿಟ್ಟು ವಿಚಾರಿಸುತ್ತಿದ್ದರು. ತೀರ್ಪನ್ನು ಬಹಿರಂಗವಾಗಿ ಸಾರುವ ದಿನ ಸೂರ್ಯೋದಯಕ್ಕೆ ಮುಂಚೆ ಕೆಥೆಡ್ರಲ್‌ನ ದೊಡ್ಡ ಗಂಟೆ ಬಾರಿಸಿ ಊರಿಗೆಲ್ಲ ತಿಳಿಸುತ್ತಿದ್ದರು. ಫ್ರೆಂಚ್ ವೈದ್ಯ ಚಾರ್ಲ್ಸ್ ದೆಲ್ಲೊನ್ ಆ ಗಂಟೆಯನ್ನು ಸೆರೆಮನೆಯ ಒಳಗಿಂದ ಕೇಳಿದವನು. 1674ರಿಂದ ಎರಡು ವರ್ಷ ಅಲ್ಲಿ ಕೊಳೆತು, 1676ರ ಜನವರಿಯಲ್ಲಿ ಶಿಕ್ಷಿತರ ಮೆರವಣಿಗೆಯಲ್ಲಿ ಬರಿಗಾಲಲ್ಲಿ ನಡೆದ. 1687ರಲ್ಲಿ ಅವನು ಬರೆದ ಪುಸ್ತಕದಿಂದ ಗೋವಾದ ಒಳಗಿನ ಸುದ್ದಿ ಯುರೋಪಿಗೆ ಗೊತ್ತಾಯಿತು. ಆ ಸೆರೆಮನೆಯ ಕಲ್ಲುಗಳನ್ನು 19ನೇ ಶತಮಾನದಲ್ಲಿ ಕಿತ್ತು ಒಯ್ದರು. ಈಗ ಅಲ್ಲಿ ಏನೂ ಇಲ್ಲ. ಯಾವ ಮಾರ್ಗದರ್ಶಿಯೂ ಅತ್ತ ಕೈ ತೋರಿಸುವುದಿಲ್ಲ. ಕೇಳಿ ತಿಳಿದುಕೊಂಡು ಆ ನೆಲದ ಮೇಲೆ ಸ್ವಲ್ಪ ಹೊತ್ತು ನಿಲ್ಲುವುದು ಈ ಭೇಟಿಯ ಅಗತ್ಯದ ಭಾಗವೆಂದೇ ನಾನು ತಿಳಿಯುತ್ತೇನೆ.

1736ರ ಒಂದು ಆದೇಶದಲ್ಲಿ ಇನ್‌ಕ್ವಿಸಿಷನ್ ನಿಷೇಧಿಸಿದ ಸಂಗತಿಗಳ ಪಟ್ಟಿ ನೋಡಿದರೆ ಕರಾವಳಿಯ ಓದುಗರಿಗೆ ಎದೆ ಧಸಕ್ಕೆನ್ನುತ್ತದೆ. ಮದುವೆಯಲ್ಲಿ ವೀಳ್ಯದೆಲೆ, ಅಡಿಕೆ, ಹೂ ಹಂಚುವುದು, ಅಂಗಳದಲ್ಲಿ ತುಳಸಿ ಬೆಳೆಸುವುದು, ಊರಿನ ವಾದ್ಯ, ಊರಿನ ಹಾಡು, ಧೋತರ, ಕುಪ್ಪಸ. ನಿತ್ಯದ ಬದುಕೇ ಅಪರಾಧವಾಗಿತ್ತು. 16ರಿಂದ 18ನೇ ಶತಮಾನದವರೆಗೆ ಕ್ರೈಸ್ತ ಕುಟುಂಬಗಳು ಅಲೆ ಅಲೆಯಾಗಿ ದಕ್ಷಿಣಕ್ಕೆ, ಕೆಳದಿ ನಾಯಕರ ಆಳ್ವಿಕೆಯ ಕೆನರಾಕ್ಕೆ ಬಂದವು. ಕಾರಣ ಇದೊಂದೇ ಅಲ್ಲ: ಬರಗಾಲ, ತೆರಿಗೆ, ರೋಗ, 1683ರ ಮತ್ತು 1739ರ ಹೊತ್ತಿನ ಮರಾಠರ ದಾಳಿಗಳೂ ಜನರನ್ನು ಎಬ್ಬಿಸಿದವು. ಮಂಗಳೂರು, ಉಡುಪಿ, ಕಾರವಾರ ಸೀಮೆಯ ಕೊಂಕಣಿ ಕ್ಯಾಥೊಲಿಕರ ಪೂರ್ವಿಕರು ಇವರೇ. ತೆಂಗಿನ ಹಾಲು ಹಚ್ಚುವ ಮದುವೆಯ ರೋಸ್, ಮದುಮಗಳ ಸಾದೊ ಸೀರೆ, ಇವೆಲ್ಲ ಅವರ ಮನೆಗಳಲ್ಲಿ ಉಳಿದುಬಂದವು. ಇವರಿಗಿಂತ ಮೊದಲೇ ತಮ್ಮ ದೇವರುಗಳನ್ನು ಹೊತ್ತು ಗೋವಾ ಬಿಟ್ಟ ಗೌಡ ಸಾರಸ್ವತ ಕುಟುಂಬಗಳು ಭಟ್ಕಳ, ಬಸ್ರೂರು, ಮಂಗಳೂರುಗಳಲ್ಲಿ ನೆಲೆ ಕಂಡವು. ಕಾಶಿ ಮಠದವರ ವೆಂಕಟರಮಣ ದೇವಸ್ಥಾನದ ತೇರಿಗೆ ಹೋಗುವವರೂ ಮಂಗಳೂರಿನ ರೊಸಾರಿಯೊ ಕೆಥೆಡ್ರಲ್‌ಗೆ ಹೋಗುವವರೂ ಒಂದೇ ಕೊಂಕಣಿಯಲ್ಲಿ ಮಾತಾಡುವುದರ ಹಿಂದೆ ಈ ಚೌಕದ ಚರಿತ್ರೆಯಿದೆ.

ವಲಸೆ ಬಂದವರ ಹಿಂದೆಯೇ ಒಬ್ಬ ಪಾದ್ರಿ ಬಂದರು. ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿದ ಜೋಸೆಫ್ ವಾಜ್ 1676ರಲ್ಲಿ ಗೋವಾದಲ್ಲಿ ಯಾಜಕರಾದರು. 1681ರಿಂದ ಮೂರು ವರ್ಷ ಕೆನರಾದ ಊರೂರು ತಿರುಗಿದರು. ಕುಂದಾಪುರ, ಗಂಗೊಳ್ಳಿ, ಬಸ್ರೂರು, ಮುಡಿಪು ಕಡೆಗಳಲ್ಲಿ ಅವರ ನೆನಪು ಈಗಲೂ ಹಸಿ. ಆಮೇಲೆ ಶ್ರೀಲಂಕಾಕ್ಕೆ ಹೋಗಿ ಅಲ್ಲೇ ಬದುಕು ಸವೆಸಿದ ಅವರನ್ನು 2015ರಲ್ಲಿ ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು.

ಇಂಥ ಪಾದ್ರಿಗಳನ್ನು ಕೊಟ್ಟ ನೆಲದವರಿಗೆ ಈ ಕೆಥೆಡ್ರಲ್‌ನ ಪೀಠ ಮಾತ್ರ ಬಹುಕಾಲ ದಕ್ಕಲಿಲ್ಲ. ಬಿಳಿಯರಿಗೆ ಮೀಸಲಾಗಿದ್ದ ಉನ್ನತ ಸ್ಥಾನಗಳು ಸಿಗದೆ ನೊಂದ ಗೋವಾದ ಪಾದ್ರಿಗಳು, ಸೈನಿಕರು ಸೇರಿ 1787ರಲ್ಲಿ ಪೋರ್ಚುಗೀಸ್ ಆಳ್ವಿಕೆಯನ್ನೇ ಕೊನೆಗಾಣಿಸಲು ಸಂಚು ಮಾಡಿದರು. ಪಿಂಟೊ ಬಂಡಾಯವೆಂದು ಹೆಸರಾದ ಅದು ಬಯಲಾಗಿ ಹಲವರು ಗಲ್ಲಿಗೇರಿದರು, ಪಾದ್ರಿಗಳನ್ನು ಲಿಸ್ಬನ್‌ನ ಸೆರೆಗೆ ಸಾಗಿಸಿದರು. ಗೋವಾದವರೇ ಆದ ರಾವುಲ್ ಗೊನ್ಸಾಲ್ವಿಸ್ ಈ ಪೀಠದ ಮಹಾಧರ್ಮಾಧ್ಯಕ್ಷರಾದದ್ದು 1978ರಲ್ಲಿ, ಗೋವಾ ವಿಮೋಚನೆಯಾಗಿ 16 ವರ್ಷ ಕಳೆದ ಮೇಲೆ.

ಅಷ್ಟು ಹೊತ್ತಿಗೆ ಕೆಥೆಡ್ರಲ್ ಸುತ್ತ ನಗರವೇ ಉಳಿದಿರಲಿಲ್ಲ. ಹಳೆ ಗೋವಾವನ್ನು ಕೊಂದದ್ದು ಯಾವ ಶತ್ರುವೂ ಅಲ್ಲ, ನೀರು. ರಂಧ್ರಗಳ ಕೆಂಪು ನೆಲದಲ್ಲಿ ಊರಿನ ಕೊಳಕು ಇಂಗಿ ಬಾವಿಗಳಿಗೆ ಸೇರಿತು. ಕಾಲರಾ, ಮಲೇರಿಯಾ ಜನರನ್ನು ಕಂತೆಗಟ್ಟಲೆ ಒಯ್ದವು. 1695ರಲ್ಲಿ ವೈಸರಾಯ್ ಪಕ್ಕದ ಪಣೇಲಿಗೆ ಮನೆ ಬದಲಿಸಿದ, 1759ರಲ್ಲಿ ಪಣಜಿಗೆ. ಹಿಂದೆಯೇ ಸಾಹುಕಾರರು, ಗುಮಾಸ್ತರು, ಅಂಗಡಿಯವರು ಹೋದರು. ಹೊಸ ಊರು ಕಟ್ಟಲು ಹಳೆಯ ಊರಿನ ಅರಮನೆ, ಆಸ್ಪತ್ರೆ, ಮನೆಗಳ ಕಲ್ಲು ಕಿತ್ತರು. 1776ರಲ್ಲಿ ಬಿದ್ದ ಗೋಪುರವನ್ನು ಮತ್ತೆ ಎಬ್ಬಿಸದಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಅದನ್ನು ನೋಡುವ ಊರೇ ಇರಲಿಲ್ಲ. 1830ರ ದಶಕದಲ್ಲಿ ಪೋರ್ಚುಗಲ್ ಸನ್ಯಾಸಿ ಸಂಘಗಳನ್ನು ರದ್ದು ಮಾಡಿದಾಗ ಅವರ ಮಠಗಳೂ ದಿಕ್ಕಿಲ್ಲದಾದವು. ಗುಡ್ಡದ ಮೇಲಿನ ಸಂತ ಅಗಸ್ಟಿನ್ ಇಗರ್ಜಿಯ ಮಾಡು 1842ರಲ್ಲಿ ಕುಸಿಯಿತು. ಈಗ ಅಲ್ಲಿರುವುದು ಅರ್ಧ ಗೋಪುರ, 46 ಮೀಟರ್ ಎತ್ತರದ ಕೆಂಪು ಕಲ್ಲಿನ ಅಸ್ಥಿ.

ಸೆ ಕೆಥೆಡ್ರಲ್‌ಗೆ ಆ ಗತಿ ಬರದಿದ್ದುದಕ್ಕೆ ಕಾರಣ ಅದರ ಗಾತ್ರವೋ ಚಿನ್ನವೋ ಅಲ್ಲ. ಅಲ್ಲಿ ಪೀಠವಿತ್ತು. ಸನ್ಯಾಸಿಗಳು ಹೋದರೂ ಪೀಠಕ್ಕೆ ಸೇರಿದ ಯಾಜಕರು ಇದ್ದರು, ನಿತ್ಯದ ಬಲಿಪೂಜೆ ಇತ್ತು. ಬಲಿಪೂಜೆ ನಡೆಯುವ ಮನೆಯ ಮಾಡು ಸೋರಿದರೆ ಯಾರಾದರೂ ಹೆಂಚು ಸರಿಮಾಡಿಸುತ್ತಾರೆ, ಗಾರೆ ಬಿರುಕುಬಿಟ್ಟರೆ ಸುಣ್ಣ ಕಲಸುತ್ತಾರೆ. ಇಂದು ಭಾರತೀಯ ಪುರಾತತ್ತ್ವ ಇಲಾಖೆ ಅದನ್ನು ನೋಡಿಕೊಳ್ಳುತ್ತದೆ, 1986ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಆದರೆ ಅದಕ್ಕೂ ಮುಂಚಿನ ಆ ಖಾಲಿ ನೂರೈವತ್ತು ವರ್ಷ ಅದನ್ನು ಕಾದದ್ದು ಬಳಕೆ. ಯಾರಿಗೆ ದರ್ಪ ತೋರಲೆಂದು ಕಟ್ಟಿದರೋ ಅವರ ಮೊಮ್ಮಕ್ಕಳೇ ಈಗ ಅಲ್ಲಿ ಕೊಂಕಣಿಯಲ್ಲಿ ಹಾಡುತ್ತಾರೆ. ಬೆಳಗಿನ ಪೂಜೆಗೆ ಹೋದರೆ ಪ್ರವಾಸಿಗಳ ಗಲಾಟೆಯಿಲ್ಲದ ಹೊತ್ತಿನಲ್ಲಿ ಆ ಕಮಾನಿನ ಅಡಿ ಕೊಂಕಣಿ ಹೇಗೆ ಮೊಳಗುತ್ತದೆಂದು ಕೇಳಬಹುದು.

ಹತ್ತು ವರ್ಷಕ್ಕೊಮ್ಮೆ ಈ ಬಳಕೆ ಪ್ರವಾಹವಾಗುತ್ತದೆ. ಗೋವಾದವರು 'ಗೊಂಯ್ಚೊ ಸಾಯ್ಬ್' ಎಂದು ಕರೆಯುವ ಝೇವಿಯರ್ ಅವರ ಶರೀರವನ್ನು ಬೆಸಿಲಿಕಾದಿಂದ ಮೆರವಣಿಗೆಯಲ್ಲಿ ತಂದು ಈ ಕೆಥೆಡ್ರಲ್‌ನಲ್ಲಿ ದರ್ಶನಕ್ಕಿಡುತ್ತಾರೆ. ಕಳೆದ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆದಾಗ ಲಕ್ಷಾಂತರ ಜನ ಬಂದರು. ಪ್ರತಿ ವರ್ಷದ ಡಿಸೆಂಬರ್ 3ರ ಫೆಸ್ತಿಗೂ ಬೆಳಗಾವಿ, ಖಾನಾಪುರ, ಕಾರವಾರ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವವರಿದ್ದಾರೆ. ಗುಂಪಿನ ಭಕ್ತಿ ನೋಡಬೇಕೆಂದರೆ ಆ ದಿನಗಳು ಸರಿ, ಕಟ್ಟಡ ನೋಡಬೇಕೆಂದರೆ ಬೇರೆ ಯಾವುದಾದರೂ ವಾರದ ದಿನ. ಜುಲೈಯ ಮಳೆಯಲ್ಲಿ ಹೋಗುವವರಿಗೆ ಸುಣ್ಣ ಮತ್ತು ಮುರಕಲ್ಲಿನ ಪಾಠ ಬಾಯಿಮಾತಿಲ್ಲದೆ ಸಿಗುತ್ತದೆ. ಕೊಂಕಣ ರೈಲಿನಲ್ಲಿ ಕರ್ಮಳಿ ನಿಲ್ದಾಣ ಇಳಿದರೆ ಹಳೆ ಗೋವಾ ಹತ್ತಿರವೇ. ಪಣಜಿಯಿಂದಾದರೆ ಸುಮಾರು 10 ಕಿಲೋಮೀಟರ್. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಪೂಜೆಯ ಹೊತ್ತಿನಲ್ಲಿ ಕ್ಯಾಮೆರಾ ಒಳಗೇ ಇರಲಿ.

ನೋಡಿ ಮುಗಿಸಿದ ಮೇಲೆ ಬಸ್ಸು ಹತ್ತಬೇಡಿ. ವಾಸ್ಕೊ ಡ ಗಾಮನ ಮರಿಮೊಮ್ಮಗ ಕಟ್ಟಿಸಿದ ವೈಸರಾಯ್ ಕಮಾನಿನ ಕೆಳಗೆ ಹಾದು ದಕ್ಕೆಗೆ ಇಳಿಯಿರಿ. ಎದುರಿಗೆ ಹರಿಯುವ ಮಾಂಡೋವಿ, ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿದ ನಮ್ಮ ಮಹದಾಯಿಯೇ. ಅಲ್ಲಿಂದ ಫೆರಿ ಹತ್ತಿದರೆ ದಿವಾಡಿ ದ್ವೀಪ. ಗೋವಾ ಕದಂಬರ ಕುಲದೇವರು ಸಪ್ತಕೋಟೀಶ್ವರನ ಗುಡಿ ಆ ದ್ವೀಪದಲ್ಲಿತ್ತು. ಕದಂಬ ಅರಸರು ತಮ್ಮ ನಾಣ್ಯಗಳ ಮೇಲೆ ತಾವು ಅವನ ವರಪ್ರಸಾದ ಪಡೆದವರೆಂದು ಬರೆಸಿಕೊಳ್ಳುತ್ತಿದ್ದರು. ಬಹಮನಿಗಳ ಕಾಲದಲ್ಲಿ ಹಾಳಾದ ಗುಡಿಯನ್ನು ವಿಜಯನಗರದ ಮಾಧವ ಮಂತ್ರಿ ಮತ್ತೆ ನಿಲ್ಲಿಸಿದ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಕೆಡವಿದಾಗ ಭಕ್ತರು ಲಿಂಗವನ್ನು ಹೊಳೆ ದಾಟಿಸಿ ಆಚೆಯ ನಾರ್ವೆಗೆ ಒಯ್ದರು. ಅಲ್ಲಿ 1668ರಲ್ಲಿ ಶಿವಾಜಿ ಮಹಾರಾಜರು ಗುಡಿ ಕಟ್ಟಿಸಿಕೊಟ್ಟರು. ದಿವಾಡಿಯ ಇನ್ನೊಂದು ತುದಿಯಿಂದ ನಾರ್ವೆಗೂ ಫೆರಿ ಇದೆ. ಬೆಳಿಗ್ಗೆ ಕೆಥೆಡ್ರಲ್, ಮಧ್ಯಾಹ್ನದ ಮೇಲೆ ಸಪ್ತಕೋಟೀಶ್ವರ, ಎರಡನ್ನೂ ಒಂದೇ ದಿನದಲ್ಲಿ ನೋಡಿ ಬರಲು ಸಮಯ ಸಾಲುತ್ತದೆ.